ಗೆರೆಯ ಎಡಕ್ಕೆ

ಹೆಣ ಕೂತೇ ಇತ್ತು. ಕೈಯಲ್ಲಿ ರೇಡಿಯೋ, ಮೈ ಮರಗಟ್ಟಿತ್ತು. ಡಾಂಬರು ರಸ್ತೆ ಅಲ್ಲಿಂದ ಬರೀ ಅರ್ಧ ಮೈಲಿ.

"ಕಾಲು ನೆಟ್ಟಗಿದೆ. ಚಳಿಗೆ ಸತ್ತಿದ್ದಾನೆ," ಎಂದರು ಡಾಕ್ಟರು.

"ಮತ್ತೆ ಎದ್ದು ನಡೆಯೋಕೆ ಏನು ಧಾಡಿ ಇವನಿಗೆ?" ಇನ್‌ಸ್ಪೆಕ್ಟರಮ್ಮನ ಬಾಯೇ ಹಾಗೆ, ಸತ್ತವರಿಗೂ ರಿಯಾಯಿತಿ ಇಲ್ಲ.

ಸತ್ತವನು ರೇಡಿಯೋ ಪ್ರಯೋಗಾಲಯದ ಎಂಜಿನಿಯರ್. ಬಯಲಲ್ಲಿ ಜೀಪು ಕೆಟ್ಟು, ಮಂಜಿನಲ್ಲಿ ದಿಕ್ಕು ತಪ್ಪಿ, ಎರಡು ದಿನ ರೇಡಿಯೋದಲ್ಲಿ ಕೂಗಿದ್ದ. ವಿಮಾನ ಹಾರಿಸಿ ಹುಡುಕಿಸಿದವನು ಪ್ರಯೋಗಾಲಯದ ಮುಖ್ಯಸ್ಥ, ಅವನ ಒಡಹುಟ್ಟಿದ ಅಣ್ಣ. ತಂಡ ಹೋದದ್ದು ಮಾತ್ರ ಹತ್ತು ಮೈಲಿ ಆಚೆಗೆ.

* * *

ಪ್ರಯೋಗಾಲಯದ ಬೆಂಚಿನ ಮೇಲೆ ತಾಯಿ ಕೂತಿದ್ದರು. "ದೊಡ್ಡವನು ಎರಡು ದಿನ ಕಣ್ಣು ಮುಚ್ಚಿಲ್ಲಮ್ಮ. ಆ ಪೈಲಟ್ ಕುಡುಕನಂತೆ, ಅವನೇ ನನ್ನ ಮಗನ್ನ ತಿಂದ."

ಒಳಗೆ ಅಣ್ಣ ಗೋಡೆಯ ಚಿತ್ರ ತೋರಿಸಿದ. ವಿಮಾನ ಹಾರಿದ ಒಂದು ಗೆರೆ, ಅದರ ಬಲಕ್ಕೆ, ತಮ್ಮನ ರೇಡಿಯೋ ಇದ್ದ ಜಾಗವೆಂದು, ಹೊಳೆಯುವ ಚುಕ್ಕೆ. "ಹುಡುಕೋಕೆ ನಾವು ಯಾವ ಅಲೆಯನ್ನೂ ಕಳಿಸಲ್ಲ, ಕೆಳಗಿನ ರೇಡಿಯೋವನ್ನ ವಿಮಾನದಿಂದ ಬರೀ ಕೇಳಿಸ್ಕೋತೀವಿ. ದಾರಿಯುದ್ದಕ್ಕೂ ಕೇಳಿದ್ದನ್ನ ಜೋಡಿಸಿದ್ರೆ, ಮೈಲಿಗಟ್ಟಲೆ ಉದ್ದದ ಒಂದೇ ಆಂಟೆನಾ ಇದ್ದ ಹಾಗೆ. ಪೈಲಟ್ ದಾರಿ ತಪ್ಪಿದ, ಚುಕ್ಕೆಯೂ ತಪ್ಪಿತು."

"ರೇಡಿಯೋ ಹಿಡಿದವನು ಓಡಾಡಿದರೆ?"

"ಚುಕ್ಕೆ ಕಲಸಿಹೋಗುತ್ತೆ," ಎಂದವನು ನಾಲಿಗೆ ಕಚ್ಚಿಕೊಂಡ.

* * *

ಪೈಲಟ್ ಕುಡಿದಿರಲಿಲ್ಲ, ಅಳುತ್ತಿದ್ದ. "ಹೋಗುವಾಗ ನೇರ, ಬರುವಾಗ ಅಡ್ಡ ಹಾರಿದೆ ಮೇಡಂ. ಒಂದೇ ಗೆರೆಯಾದ್ರೆ ರೇಡಿಯೋ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗಲ್ಲ. ಎರಡು ಕಡೆಗೂ ಅಷ್ಟೇ ದೂರ ತೋರಿಸುತ್ತೆ. ಎರಡನೇ ಗೆರೆ ಸೇರಿದ್ರೇನೇ ಯಾವ ಕಡೆ ಅಂತ ತಿಳಿಯೋದು."

ಹಾರುವಾಗ ಕೇಳಿಸಿದ ರೇಡಿಯೋ ಮಾತಿನ ರೆಕಾರ್ಡಿಂಗಿನ ಇನ್ನೊಂದು ಪ್ರತಿ ವಿಮಾನದಲ್ಲೇ ಇತ್ತು.

* * *

ಪ್ರಯೋಗಾಲಯದ ಗೋಡೆಯ ಚಿತ್ರದಲ್ಲಿ ಇನ್‌ಸ್ಪೆಕ್ಟರಮ್ಮ ಗೆರೆಯ ಎಡಕ್ಕೆ, ಅಷ್ಟೇ ದೂರದಲ್ಲಿ, ಬೆರಳಿಟ್ಟರು. "ಹೆಣ ಸಿಕ್ಕಿದ್ದು ಇಲ್ಲಿ. ಎರಡನೇ ಗೆರೆ ಎಲ್ಲಿ ಸ್ವಾಮಿ? ನೀವೇ ಅಳಿಸಿದ್ರಿ. ಎಡ ಅಂತ ಗೊತ್ತಿದ್ದೂ ಬಲಕ್ಕೆ ಕಳಿಸಿದ್ರಿ. ಈ ವಿದ್ಯೆ ಕಂಡುಹಿಡಿದವನು ತಮ್ಮ, ಹೆಸರು ಹಾಕ್ಕೊಂಡವರು ನೀವು. ಅವನು ಬರೆದ ದೂರು ಅವನ ಮೇಜಲ್ಲೇ ಇದೆ."

"ನಾನವನನ್ನ ಮುಟ್ಟೇ ಇಲ್ಲ!"

"ಮುಟ್ಟಬೇಕಿರಲಿಲ್ಲ. ಅವನು ಯಾಕೆ ನಡೆಯಲಿಲ್ಲ ಅನ್ನೋದು ನಿಮ್ಮ ಬಾಯಿಂದಲೇ ಬಂತು."

ಬಾಗಿಲಲ್ಲಿ ತಾಯಿ ನಿಂತಿದ್ದರು. "ಕೊನೇಲಿ ಏನಂದ ನನ್ನ ಕಂದ? ಕೇಳಿಸಿ."

"ಬೇಡ!" ಅಣ್ಣ ಕಿರುಚಿದ. ಇನ್‌ಸ್ಪೆಕ್ಟರಮ್ಮ ವಿಮಾನದಿಂದ ತಂದ ಪ್ರತಿ ಹಾಕಿ ಗುಂಡಿ ಒತ್ತಿದರು.

"ಅಣ್ಣಾ, ಎಲ್ಲೋ ಲಾರಿ ಸದ್ದು ಕೇಳ್ತಿದೆ. ನಡೆದುಬಿಡ್ಲಾ?"

"ಕದಲಬೇಡ. ಚುಕ್ಕೆ ಕಲಸಿಹೋಗುತ್ತೆ, ನಿನಗೇ ಗೊತ್ತಲ್ಲ. ಇನ್ನೇನು ಬಂದೆ."

ಬಹಳ ಹೊತ್ತಿನ ಮೇಲೆ, ತೊದಲುವ ದನಿ: "ಕದಲಿಲ್ಲ ಕಣೋ ಅಣ್ಣಾ. ಬಾರೋ."

ಅಣ್ಣ ಬಾಗಿಲ ಕಡೆ ನುಗ್ಗಿದ. ತಾಯಿ ಅವನ ರಟ್ಟೆ ಹಿಡಿದು ಕುರ್ಚಿಗೆ ಕೂರಿಸಿದರು.

"ಇನ್ನೊಂದ್ಸಲ ಹಾಕಮ್ಮ," ಎಂದರು. "ಇವನು ಕದಲದ ಹಾಗೆ ನಾನು ಹಿಡ್ಕೋತೀನಿ."