ಶುಬ್ರಾದ ಡಾಕ್ಟರ್ ಬದುಕಿದ್ದಾರೆ

"ನಾನು ಸತ್ತಿದ್ದು ಯಾವಾಗ, ರಾದ್ವಾ ಅವ್ರೇ?"

ರಾದ್ವಾ ತಿರುಗಿ ನೋಡಿದಳು. ಜಮಾಲಿಕ್‌ನ ಚಿತ್ರ ಗ್ಯಾಲರಿಯಲ್ಲಿ, ಅವಳು ಬರೆದ ಮುಖಚಿತ್ರದ ಪಕ್ಕದಲ್ಲೇ ಆ ಮುಖದ ಒಡೆಯ ನಿಂತಿದ್ದ. ಶುಬ್ರಾ ಬಡಾವಣೆಯಲ್ಲಿ ಔಷಧದಂಗಡಿ ಇಟ್ಟಿದ್ದ ಬಾಸಿಮ್; ಬೀದಿಯವರಿಗೆಲ್ಲ ಅವನು ಡಾಕ್ಟರ್. ಚಿತ್ರದಲ್ಲಿದ್ದವನು ಶಾಂತನಾಗಿದ್ದ, ಪಕ್ಕದಲ್ಲಿದ್ದವನು ಅಲ್ಲ.

ಎರಡು ಸಾವಿರ ವರ್ಷಗಳ ಹಿಂದೆ ಫಯ್ಯೂಮ್‌ನವರು ಹಲಗೆಯ ಮೇಲೆ ಮುಖ ಬರೆಸಿ, ಸತ್ತ ಮೇಲೆ ಅದನ್ನು ಮಮ್ಮಿಗೆ, ಎಂದರೆ ಕೆಡದಂತೆ ಬಟ್ಟೆ ಸುತ್ತಿಟ್ಟ ಹೆಣಕ್ಕೆ, ಕಟ್ಟುತ್ತಿದ್ದರು. ಅದೇ ಬಗೆಯಲ್ಲಿ, ಜೇನುಮೇಣದ ಬಣ್ಣದಲ್ಲಿ, ಮತ್ತೆ ಮುಖ ಬರೆಯುವುದು ರಾದ್ವಾಳ ಕಸುಬು. ಬಾಸಿಮನನ್ನು ಬರೆಯುವಾಗ ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳಿದ್ದರೆ ಕಾರಣ ಹೇಳಬೇಕಾಗುತ್ತಿತ್ತು...

"ಯಾರೋ ಇದರ ಫೋಟೋ ಬೀದಿಗೆಲ್ಲ ಹಂಚಿದಾರೆ. ಇಂಥ ಚಿತ್ರ ಸತ್ತೋರದ್ದೇ ಅಂತ ಎಲ್ಲರೂ ನಂಬಿಬಿಟ್ಟಿದಾರೆ. ನಾನು ಅಮ್ಮನ ಎದುರಿಗೇ ಕೂತು ಫೂಲ್ ಕಾಳಿನ ಪಲ್ಯ ತಿಂತಿದೀನಿ, 'ಅವನ ಉಳಿದ ಆಯುಸ್ಸು ನಿಮಗಿರಲಿ' ಅಂತ ಅಮ್ಮನಿಗೆ ಸಂತಾಪದ ಫೋನು! ಬಂದೋರೆಲ್ಲ ಸಾವಿನ ಮನೆ ಕಾಫಿಗೆ ಕಾಯ್ತಿದಾರೆ, ಸಕ್ಕರೆ ಇಲ್ಲದ್ದು."

ರಾದ್ವಾ ನಗಬಾರದಿತ್ತು. ನಕ್ಕುಬಿಟ್ಟಳು.

ಬಾಸಿಮನ ಮುಖ ಬಾಡಿತು.

"ವಾರವಾರ ತಲೆನೋವಿನ ಮಾತ್ರೆಗೆ ಬರ್ತಿದ್ರಿ. ಪೆದ್ದ ನಾನು... ನನ್ನ ನೋಡೋಕೆ ಅಂದ್ಕೊಂಡಿದ್ದೆ. ನೀವು ಹೆಣಕ್ಕೆ ಹೊಂದೋ ಮುಖ ಹುಡುಕ್ತಿದ್ರಿ. ಇದನ್ನ ಇಳಿಸಿಬಿಡಿ, ನಾನು ಹೊರಡ್ತೀನಿ."

ಅವನು ಬಾಗಿಲ ಕಡೆ ತಿರುಗಿದ. 'ಈಗ ಸುಮ್ಮನಿದ್ದರೆ ಚಿತ್ರವೂ ಹೋಯಿತು, ಇವನೂ ಹೋದ' ಅಂದುಕೊಂಡಳು ರಾದ್ವಾ.

"ಡಾಕ್ಟ್ರೇ, ನಿಲ್ಲಿ... ಫಯ್ಯೂಮ್‌ನೋರು ಎಲ್ಲಾನೂ ಸತ್ತ ಮೇಲೇ ಬರೆಸ್ತಿರಲಿಲ್ಲ. ಎಷ್ಟೋ ಜನ ಬದುಕಿದ್ದಾಗಲೇ ಬರೆಸಿ ಮನೇಲಿ ತೂಗುಹಾಕ್ತಿದ್ರಂತೆ. ದಿನಾ ನೋಡಬೇಕು ಅನ್ನಿಸೋ ಮುಖಾನ."

ಅವನು ನಿಂತ.

"ಗೋಡೆ ಮೇಲಿನ ಬೇರೆ ಮುಖಗಳನ್ನೆಲ್ಲ ಮ್ಯೂಸಿಯಂನಲ್ಲಿ ನೋಡಿ ಬರೆದೆ," ಎಂದಳು ರಾದ್ವಾ ನೆಲ ನೋಡುತ್ತಾ. "ಇದೊಂದನ್ನ... ಮನಸ್ಸಲ್ಲಿದ್ದ ಹಾಗೇ ಬರೆದೆ. ನಂಗೆ ಯಾವತ್ತೂ ತಲೆನೋವು ಬಂದಿಲ್ಲ."

ಬಾಸಿಮ್ ಚಿತ್ರದ ಎದುರು ಬಂದು ನಿಂತ. ತುಂಬ ಹೊತ್ತು ನೋಡಿದ. ತನ್ನನ್ನು ಯಾರಾದರೂ ಇಷ್ಟು ಗಮನವಿಟ್ಟು ನೋಡಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ.

"ಇಳಿಸೋದು ಬೇಡ," ಎಂದ ಮೆಲ್ಲಗೆ. "ಆದ್ರೆ ನಾನು ಬದುಕಿದೀನಿ ಅಂತ ಬೀದಿಗೆಲ್ಲ ಗೊತ್ತಾಗ್ಬೇಕು. ಅಮ್ಮನ ಆಜ್ಞೆ."

"ಹೇಗೆ ಗೊತ್ತು ಮಾಡಿಸ್ತೀರಿ?"

"ಎಲ್ಲರನ್ನೂ ಕರೆದು ಮದುವೆ ಆಗ್ತೀನಿ. ಹೆಣಕ್ಕೆ ಯಾರೂ ಹೆಣ್ಣು ಕೊಡಲ್ಲ ನೋಡಿ."

ರಾದ್ವಾಳ ಕಿವಿ ಕೆಂಪಾಯಿತು.

"ಹುಡುಗಿ ಒಪ್ಪಬೇಕಲ್ಲ..."

"ಒಪ್ತಾಳಾ?"

"ಮೊದಲು ಅಮ್ಮನ್ನ ಕರ್ಕೊಂಡು ನಮ್ಮನೆಗೆ ಬನ್ನಿ," ಎಂದಳು ರಾದ್ವಾ. "ನಮ್ಮಪ್ಪ ಕೇಳ್ತಾರೆ, ನಾನು ಹೂಂ ಅಂತೀನಿ."