ಪಾದ್ರಿಯ ಕತೆಗೆ ಹೂಂ ಅಂದವರು

"ಓದಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಹೂಂ ಮಾತ್ರ ಅನ್ನಬೇಡಿ, ಆಯ್ತಾ?"

ಮೆಲ್ಬರ್ನಿನ ಡ್ಯಾಂಡಿನಾಂಗ್ ಬಡಾವಣೆಯ ತನ್ನ ಹಳೆಪುಸ್ತಕದಂಗಡಿಯಲ್ಲಿ ಮಂಗಳೂರಿನ ಡಿಕ್ಸನ್ ಹೀಗೆಂದಾಗ ಸಂಪತ್ ನಕ್ಕುಬಿಟ್ಟ. ಆಫೀಸಿನ ಕೆಲಸಕ್ಕೆಂದು ಸಿಡ್ನಿಯಿಂದ ಬಂದಿದ್ದವನು; ಅಪರೂಪದ ಪುಸ್ತಕ ಕೂಡಿಡುವ ಚಟ ಹೊಸದಾಗಿ ಹತ್ತಿತ್ತು. ಕೈಯಲ್ಲಿದ್ದುದು ಶತಮಾನಗಳ ಹಿಂದಿನ ಒಂದು ಆತ್ಮಕತೆ. ಹಾಡು, ಹಬ್ಬ, ನಗು ಎಲ್ಲವನ್ನೂ ಪಾಪವೆಂದು ಹಳಿದ ಪ್ಯೂರಿಟನ್ ಪಂಥದ ಪಾದ್ರಿಯೊಬ್ಬ ಬರೆದದ್ದು. ಚರ್ಮದ ರಟ್ಟು ಬೆವರಿದ ಮೈಯಂತೆ ತಣ್ಣಗಿತ್ತು. ತೆರೆದರೆ ಆರಿದ ಮೇಣದ, ಒದ್ದೆ ಬೂದಿಯ ವಾಸನೆ. ಕೊನೆಯ ಹಾಳೆ ವಾಕ್ಯದ ನಡುವೆಯೇ ನಿಂತಿತ್ತು.

"ಪಾದ್ರಿ ಬುಕ್ಕಲ್ಲೂ ಮಾಟ-ಮಂತ್ರಾನಾ ಅಂಕಲ್? ಹಾಗಾದ್ರೆ ನಿಂಬೆಹಣ್ಣು ಫ್ರೀನಾ?"

ಡಿಕ್ಸನ್ ನಗಲಿಲ್ಲ. "ಇವ ಒಬ್ಬಳು ಹೆಂಗಸನ್ನು ಮಾಟಗಾತಿ ಅಂತ ಹೇಳಿ ಗಲ್ಲಿಗೆ ಹಾಕಿಸಿದ್ದ ಮಾರಾಯ್ರೆ. ಹಗ್ಗ ಕೊರಳಿಗೆ ಬೀಳುವಾಗ ಅವಳು ಶಾಪ ಹಾಕಿದಳಂತೆ. ನಿನ್ನ ಕತೆ ನೀನು ಹೇಳ್ತಾನೇ ಇರು, ಅದು ಮುಗಿಯುವುದು ಬೇಡ. ಅದಕ್ಕೆ ಹೂಂ ಅಂದವರಿಗೂ ಬಿಡುಗಡೆ ಬೇಡ ಅಂತ."

ಮೂಲೆಯ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಿದ್ದ ಡಿಕ್ಸನ್‌ನ ಹೆಂಡತಿ ಇಡಾ "ಹೂಂ" ಅಂದಳು. ತುಸು ತಡೆದು ಮತ್ತೆ, "ಹೂಂ."

ಪಾಪ, ಆಂಟಿಗೆ ಮರೆವಿನ ಕಾಯಿಲೆ ಇರಬೇಕು ಅಂದುಕೊಂಡ ಸಂಪತ್.

"ನಾನು ಹೇಳಿದ್ದೇನೆ," ಎಂದು ಡಿಕ್ಸನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. "ದೇವರ ಎದುರು ಹೇಳಿದ್ದೇನೆ."

ದಿ ಪಾಂಡ್ಸ್ ಬಡಾವಣೆಯ ತನ್ನ ಮನೆಗೆ ಸಂಪತ್ ಮರಳಿದ ಆ ವಾರ ಸಿಡ್ನಿಯ ಸುತ್ತ ಕಾಡು ಉರಿಯುತ್ತಿತ್ತು. ಹೊಗೆ ಒಳಬರದಂತೆ ಕಿಟಕಿಗಳನ್ನು ಮುಚ್ಚಿ, ಪರದೆ ಎಳೆದು, ನಡುಹಗಲಲ್ಲೇ ಮನೆ ಕತ್ತಲಾಗಿತ್ತು. ಹೆಂಡತಿ ಪ್ರಾರ್ಥನಾ ತನ್ನ ಕೆಲಸಕ್ಕೆ ಹೋಗಿದ್ದಳು, ಮಗಳು ಕೃಪಾ ಶಾಲೆಗೆ. ನಾರ್ವೆಸ್ಟಿನಲ್ಲಿದ್ದ ಅವನ ಆಫೀಸು ಮನೆಯಿಂದಲೇ ಕೆಲಸ ಮಾಡಿ ಎಂದಿತ್ತು. ಊಟ ಮುಗಿಸಿದ ಸಂಪತ್ ಪುಸ್ತಕ ತೆರೆದು ಕೂತ. ಸುಟ್ಟ ನೀಲಗಿರಿ ಎಲೆಯ ಘಾಟು. ಮಂಪರು. ಕಣ್ಣು ಮುಚ್ಚಿತು.

ಪುಸ್ತಕದೊಳಗಿಂದ ಒಣಕೆಮ್ಮು ಕೇಳಿಸಿತು. ನಂತರ ಸವೆದ ಗಂಟಲಿನ ಇಂಗ್ಲಿಷ್. ಹುಟ್ಟಿದ ಊರು, ಕದ್ದ ಸೇಬು, ತಾಯಿಗೆ ಹೇಳಿದ ಸುಳ್ಳು. ಪ್ರತಿ ಮಾತಿನ ಕೊನೆಗೆ ದನಿ ತಡೆಯುತ್ತಿತ್ತು, ಕಾಯುತ್ತಿತ್ತು.

ಸಂಪತ್‌ಗೆ ಆ ಕಾಯುವಿಕೆ ಗೊತ್ತಿತ್ತು. ಅವನಜ್ಜಿ ಷಟ್ಪದಿ ಹಾಡಿ ಅರ್ಥ ಹೇಳುವಾಗ ಹೀಗೆಯೇ ತಡೆಯುತ್ತಿದ್ದಳು. ತೊಡೆಯ ಮೇಲೆ ಮಲಗಿದ ಮಗು ಹೂಂಗುಟ್ಟಿದರೆ ಮಾತ್ರ ಮುಂದಿನ ಪದ್ಯ. ಅದೇ ಪಾಠವನ್ನು ಅವನು ಕೃಪಾಳಿಗೂ ಹೇಳಿ ಸೋತಿದ್ದ. "ಕತೆ ಕೇಳೋವಾಗ ಹೂಂ ಅನ್ಬೇಕು ಪುಟ್ಟಾ, ಯಾ ಯಾ ಅಲ್ಲ." "ಓಕೆ ಡ್ಯಾಡ್, ಯಾ," ಎಂದು ಅವಳು ಕಿಸಕ್ಕನೆ ನಗುತ್ತಿದ್ದಳು.

ಅರೆನಿದ್ದೆಯಲ್ಲಿ, ಅಜ್ಜಿಯ ತೊಡೆಯ ಬಿಸುಪಿನಲ್ಲಿ, ಸಂಪತ್ "ಹೂಂ" ಅಂದ.

ಕಣ್ಣು ಬಿಟ್ಟ. ಅಂಗೈಗಳು ಪುಟಕ್ಕೆ ಕಚ್ಚಿಕೊಂಡಿದ್ದವು. ಕಾಲು ಕದಲಲಿಲ್ಲ. ದನಿ ನಿಲ್ಲಲಿಲ್ಲ. ಅದು ತಡೆದಾಗ ಇವನು ಸುಮ್ಮನಿದ್ದ. ಕೊರಳ ಸುತ್ತ ಒರಟು ಹಗ್ಗ ಬಿಗಿಯಿತು. ಉಸಿರು ಕಟ್ಟಿತು. ಹೂಂ ಅಂದ. ಹಗ್ಗ ಸಡಿಲಿತು. "ಪ್ರಾರ್ಥನಾ" ಎಂದು ಕೂಗಲು ಬಾಯಿ ತೆರೆದ. ಹೊರಬಿದ್ದದ್ದು ಹೂಂ. "ರಾಮಾ" ಅನ್ನಲು ಹೋದ. ಅದೂ ಹೂಂ.

ಮೇಜಿನ ಮೇಲೆ ಫೋನು ನಡುಗಿತು. ಮೊಣಕೈಯಿಂದ ಒತ್ತಿದ.

"ಸಂಪತ್? ಡಿಕ್ಸನ್ ನಾನು. ನೀವು... ಹೂಂ ಅಂದಿರಾ?"

"ಹೂಂ."

ಆ ಕಡೆ ಬಿಕ್ಕು ಕೇಳಿಸಿತು. ಅದರ ಹಿಂದೆ ಹೆಂಗಸಿನ ದನಿ, ನಿಚ್ಚಳವಾಗಿ: "ಯಾರದ್ದು ಫೋನು? ಬನ್ನಿ, ಗಂಜಿ ತಣ್ಣಗಾಗ್ತದೆ."

"ಇಡಾ ಮಾತಾಡಿದಳು," ಅಂದ ಡಿಕ್ಸನ್. "ಎಷ್ಟೋ ವರ್ಷದ ಮೇಲೆ. ನನ್ನನ್ನು ಕ್ಷಮಿಸಿ ಮಾರಾಯ್ರೆ. ಇನ್ನೊಬ್ಬರು ಅದಕ್ಕೆ ಹೂಂ ಅನ್ನುವವರೆಗೆ ಅದು ನಿಮ್ಮನ್ನು ಬಿಡುವುದಿಲ್ಲ."

ಫೋನು ಕಟ್ಟಾಯಿತು. ಅದೇ ಹೊತ್ತಿಗೆ ಬಾಗಿಲ ಬೀಗ ತಿರುಗಿತು.

"ಡ್ಯಾಡ್! ಹೊಗೆ ಅಂತ ಅರ್ಲಿ ಬಿಟ್ರು!"

ಕೃಪಾ. ಹೋಗು, ಹೊರಗೆ ಹೋಗು ಎಂದು ಒಳಗೆಲ್ಲ ಅರಚಿದ. "ಹೂಂ," ಅಂದಿತು ಬಾಯಿ.

ಅವಳು ಕೋಣೆಗೆ ಬಂದಳು, ಕಿವಿಗೊಟ್ಟಳು. "ವಾಟ್ಸ್ ದಟ್? ಆಡಿಯೊಬುಕ್ಕಾ?"

"ಹೂಂ."

"ಓ! ಸ್ಟೋರಿ ಟೈಮ್!" ಬ್ಯಾಗು ಎಸೆದು ಅಪ್ಪನ ಕಾಲಬುಡದಲ್ಲಿ ಕೂತಳು.

ಪಾದ್ರಿ ಕೆಮ್ಮಿದ. ಕತೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದ. ಹುಟ್ಟಿದ ಊರು. ತಡೆದ. ಕಾದ.

ಸಂಪತ್ ತುಟಿ ಕಚ್ಚಿದ. ತಾನು ಸತ್ತರೂ ಸರಿ, ಮಗಳು ಇಲ್ಲಿಂದೇಳಬೇಕು. ಹಗ್ಗ ಬಿಗಿಯಿತು. ಅವನ ಕಣ್ಣು ಅವಳನ್ನೇ ಬೇಡುತ್ತಿತ್ತು. ಏಳು. ಓಡು. ಇನ್ನೂ ಬಿಗಿಯಿತು. ರಕ್ತದ ರುಚಿ. ಕಿವಿಯಲ್ಲಿ ಭೋರ್ಗರೆತ. ಕತ್ತಲು ಅಂಚಿನಿಂದ ಮುಚ್ಚುತ್ತ ಬಂತು.

ಅಪ್ಪ ಯಾಕೆ ಹಾಗೆ ನೋಡುತ್ತಿದ್ದಾನೆಂದು ಕೃಪಾಳಿಗೆ ಆಗ ಹೊಳೆಯಿತು. ಇಷ್ಟು ದಿನ ಅವನು ಕೇಳಿದ್ದು ಅದೊಂದೇ ಅಲ್ಲವೇ. ಅಪ್ಪನ ಮಂಡಿಗೆ ಕೆನ್ನೆ ಆನಿಸಿ, ನಕ್ಕು, "ಹೂಂ" ಅಂದಳು.

ಹಗ್ಗ ಜಾರಿತು. ಅಂಗೈಗಳು ಪುಟದಿಂದ ಬಿಟ್ಟುಕೊಂಡವು. ಪುಸ್ತಕ ಅವಳ ಮಡಿಲಿಗೆ ಬಿತ್ತು.

"ಕೃಪಾ! ಬೇಡ! ಎಸಿ ಅದನ್ನ!" ಮಾತು ಬಂದಿತ್ತು. ಎಲ್ಲ ಮಾತೂ ಬಂದಿತ್ತು. ಅವಳ ಭುಜ ಹಿಡಿದು ಅಲುಗಿಸಿದ. "ಪುಟ್ಟಾ, ನನ್ನ ನೋಡು. ಯಾ ಅನ್ನು. ಒಂದ್ಸಲ ಯಾ ಅನ್ನು ಕಂದಾ."

ಅವಳ ಕಣ್ಣು ಗೋಡೆಯ ಮೇಲಿತ್ತು. ತುಸು ತಡೆದು ಅಂದಳು,

"ಹೂಂ."