ಎಣ್ಣೆ ಕುಡಿದ ಒನಕೆ

ಓವನ್ ಬಾಗಿಲು ತೆಗೆದ ಮಂಜೇಶ್‌ಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕಲ್ಲಿನಂತಾಗಬೇಕಿದ್ದ ಒನಕೆ ತುಂಡು ಜ್ವರ ಬಿಟ್ಟವರ ಹಾಗೆ ಬೆವರುತ್ತ ಕೂತಿತ್ತು. ಟ್ರೇ ತುಂಬ ಅಂಟು. ಮೂಗಿಗೆ ಹಿಡಿದ. ಹರಳೆಣ್ಣೆ. ಮತ್ತೆ!

"ಏನ್ಲಾ ಅದು, ಅಬ್ಬದ ಎಣ್ಣೆನೀರಿನ ವಾಸ್ನೆ?" ಅಂಗಳದಿಂದ ಅವ್ವ ಸರಸಮ್ಮ ಕೂಗಿದಳು.

"ಹೊಳೆನರಸೀಪುರದ ಮಹಾತಾಯಿ ಕಣವ್ವ. ಬರ್ಲಿ ಇವತ್ತು, ಐತೆ!"

ಮಹಾತಾಯಿ ಅಂದರೆ ಭಾಗ್ಯಲಕ್ಷ್ಮಿ. ಹೊಳೆನರಸೀಪುರದಲ್ಲಿ ಮೆಸ್ ನಡೆಸುವವಳು. ಹುಳು ತಿಂದು ಮೆತ್ತಗಾಗಿದ್ದ ಅಜ್ಜಿಯ ಒನಕೆಯನ್ನು ಒಲೆಗೆ ಹಾಕಲು ಮನಸ್ಸಾಗದೆ, ತರಕಾರಿ ಹೆಚ್ಚುವ ಚಾಕುವಿಗೆ ಹಿಡಿ ಮಾಡಿಕೊಡಿ ಎಂದು ಕೊಣನೂರಿನ ಮಂಜೇಶ್‌ನ ಈ ಶೆಡ್ಡಿಗೆ ಬಂದಿದ್ದಳು. ಅಂಥ ಮರವನ್ನು ಚೆನ್ನಾಗಿ ಒಣಗಿಸಿ, ಗಾಜಿನ ಡಬ್ಬಿಯಲ್ಲಿ ರೆಸಿನ್ ಎಂಬ ಅಂಟುದ್ರವದಲ್ಲಿ ಮುಳುಗಿಸಿ, ಪಂಪ್ ಹಾಕಿ ಒಳಗಿನ ಗಾಳಿಯನ್ನೆಲ್ಲ ಎಳೆಯಬೇಕು. ಗುಳ್ಳೆ ಏಳುವುದು ನಿಂತ ಮೇಲೆ ಪಂಪ್ ಆರಿಸಿದರೆ, ಗಾಳಿಯಿದ್ದ ಜಾಗಕ್ಕೆಲ್ಲ ರೆಸಿನ್ ಇಳಿಯುತ್ತದೆ. ಓವನ್‌ನಲ್ಲಿ ಬೆಂದರೆ ಜನ್ಮಕ್ಕೂ ಅಲ್ಲಾಡುವುದಿಲ್ಲ. ಎಣ್ಣೆ ಸೋಕಿದ್ದರೆ ಮಾತ್ರ ಎಲ್ಲ ಕೆಟ್ಟಂತೆ.

ಮೊದಲ ತುಂಡಿಗೆ ಅವಳ ಅವ್ವ ಎಣ್ಣೆ ಸವರಿದ್ದರು. ಮನೆ ಒನಕೆ, ಬರಿಮೈಯಲ್ಲಿ ಹೊಸಿಲು ದಾಟಿಸಬಾರದಂತೆ. ಆಗ ಮಂಜೇಶ್ ಗಂಟಲು ಹರಿಯುವಷ್ಟು ವಿವರಿಸಿದ್ದ. ಅವಳು ತಲೆಯಾಡಿಸಿದ್ದಳು, ಕಣ್ಣು ಮಾತ್ರ ಅವನ ರೆಸಿನ್ ಮೆತ್ತಿದ ಬೆರಳುಗಳ ಮೇಲಿತ್ತು.

ಈಗ ಬಸ್ಸಿಳಿದು ಬಂದ ಭಾಗ್ಯಲಕ್ಷ್ಮಿ ವೇಲಿನ ತುದಿಯಲ್ಲಿ ಗಾಳಿ ಹಾಕಿಕೊಳ್ಳುತ್ತ ನಿಂತಳು. "ಆಯ್ತಾ?"

"ಆಯ್ತು, ನನ್ ತಲೆ! ಎಣ್ಣೆ ಮುಟ್ಟಿಸ್ಬ್ಯಾಡಿ ಅಂದಿದ್ನಾ ಇಲ್ವಾ? ನಿಮ್ಮವ್ವಂಗೆ ಹೇಳ್ಲಿಲ್ವಾ?"

"ಹೇಳ್ದೆ. ಅವ್ವ ಮುಟ್ನಿಲ್ಲ."

"ಮತ್ಯಾರು, ಅಜ್ಜಿ ಎದ್ದು ಬಂದ್ರಾ?"

"ನಾನೇ ಹಚ್ದೆ."

ಮಂಜೇಶ್ ಟ್ರೇ ಕೆಳಗಿಟ್ಟ. "ಗೊತ್ತಿದ್ದೂ?"

"ಗೊತ್ತಿದ್ದೇ!" ಈಗ ಅವಳಿಗೇ ರೇಗಿತು. "ಚಾಕು ಆಗೋದ್ರೆ ಯಾವ ನೆಪ ಹೇಳ್ಕಂಡು ಬರ್ಲಿ? ಬಂದಾಗಾದ್ರೂ ಒಂದ್ ಮಾತಾಡ್ತೀರಾ? ಆ ಡಬ್ಬೀಲಿ ಗುಳ್ಳೆ ನೋಡ್ಕಂಡು ಕುಂತಿರ್ತೀರ. ಎದುರಿಗೆ ಕುಂತಿರೋಳು ಮನುಷ್ಯಳಲ್ವಾ?"

ಅಂಗಳದಲ್ಲಿ ಸರಸಮ್ಮನ ಪೊರಕೆ ಸದ್ದು ತಟ್ಟನೆ ನಿಂತಿತು.

ಭಾಗ್ಯಲಕ್ಷ್ಮಿ ಬ್ಯಾಗಿನಿಂದ ಕವರು ಸುತ್ತಿದ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು. "ಕೊನೇದು. ಮಿಕ್ಕಿದ್ದೆಲ್ಲ ಪುಡಿ. ನೀವು ಹೇಳ್ದಂಗೇ ಮೆಸ್ ಓವನ್ನಲ್ಲಿ ಒಣಗ್ಸಿ ತಂದಿದೀನಿ. ಇದಕ್ಕೆ ಎಣ್ಣೆ ಇಲ್ಲ, ಮೂಸಿ ಬೇಕಾದ್ರೆ. ಮಾಡ್ಕೊಡಿ, ತಗಂಡೋಗಿ ನೆಮ್ಮದಿಯಾಗಿರ್ತೀನಿ."

ಮೂಸಿದ. ಭತ್ತದ ತೌಡಿನ ಘಮ. ಅಷ್ಟು ದಿನ ಈ ಮುಖ ಎದುರಿಗಿದ್ದೂ ಗುಳ್ಳೆಗಳನ್ನೇ ನೋಡಿದ್ದು ರೆಸಿನ್ ಮೇಲಿನ ಪ್ರೀತಿಗಲ್ಲ, ಧೈರ್ಯ ಇಲ್ಲದ್ದಕ್ಕೆ ಎಂದು ಇವಳಿಗೆ ಹೇಗೆ ಹೇಳುವುದು?

ತುಂಡನ್ನು ಮುಳುಗಿಸಿ ಪಂಪಿನ ಸ್ವಿಚ್ ಒತ್ತಿದ. ಬಿಳಿ ಗುಳ್ಳೆಗಳು ಬುಳುಬುಳು ಎದ್ದವು. ಸ್ಟೂಲನ್ನು ಎಳೆದು, ಡಬ್ಬಿಗೆ ಬೆನ್ನು ಹಾಕಿ, ಅವಳಿಗೆ ಮುಖ ಮಾಡಿ ಕೂತ.

"ಗುಳ್ಳೆ ನಿಂತಾಗ ನೀನೇ ಹೇಳು. ನಾನು ಆ ಕಡೆ ತಿರುಗಲ್ಲ," ಎಂದ. ಕಿವಿ ಕೆಂಪಾಗಿತ್ತು. "ಚಾಕು ಆದ್ಮೇಲೂ ಬಾ. ಯಾವ ಮರಾನೂ ತರ್ಬ್ಯಾಡ, ತಾಯಿ."

"ಈಗ್ಲಾದ್ರೂ ಬಂತಲ್ಲ ಬಾಯಿ," ಎಂದು ಗೊಣಗಿದಳು.

ಗುಳ್ಳೆ ನಿಂತು ಎಷ್ಟೋ ಹೊತ್ತಾಗಿತ್ತು. ಅವಳು ಹೇಳಲೇ ಇಲ್ಲ.